ಪ್ರೆಸ್ಸಿನ ಹಳೆ ಮೊಳೆ ಕರಗಿಸಿ ರೈಫಲ್ಲಿಗೆ ಗುಂಡು ಎರಕ ಹೊಯ್ಯಬಹುದಾ?

ಬೆಟಗೇರಿ_ಪ್ರೆಸ್
ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ಅಜ್ಜ ನಡೆಸುತ್ತಿದ್ದ ಪ್ರೆಸ್ಸಿನ ಸಾಮಾನು ಇನ್ನೂ ಹಿತ್ತಲ ಕೋಣೆಯಲ್ಲಿದೆ. ಟ್ರೆಡಲ್ ಮಶೀನು ಎಂದೋ ಮಾರಿದ್ದಾರೆ. ಉಳಿದದ್ದು ಮೊಳೆ, ಅಂದರೆ ಜೋಡಿಸಿ ಅಚ್ಚೊತ್ತುವ ಸೀಸದ ಅಕ್ಷರಗಳು. ಮರದ ಕೇಸುಗಳಲ್ಲಿ ಒಂದಷ್ಟು, ಗೋಣಿಚೀಲಗಳಲ್ಲಿ ಒಂದಷ್ಟು. ಗುಜರಿಯವರು ಸೀಸದ ರೇಟಿಗಿಂತ ಕಡಿಮೆಗೆ ಕೇಳುತ್ತಿದ್ದಾರೆ.

ಇನ್ನೊಂದು ಕಡೆ ಅಪ್ಪನ ಹೆಸರಲ್ಲಿ ಲೈಸೆನ್ಸ್ ಇರುವ ಪಾಯಿಂಟ್ 315 ರೈಫಲ್ ಇದೆ. ಶಿರಹಟ್ಟಿ ಕಡೆ ಹೊಲ ಇದೆ, ಹಂದಿ ಕಾಟ ಇದೆ. ರೈಫಲ್ಲಿನ ತೋಟಾ (ಕಾರ್ಟ್ರಿಜ್) ಸಿಗುವುದೇ ಕಷ್ಟ, ಸಿಕ್ಕರೂ ತುಟ್ಟಿ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು ಅಪ್ಪ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ.

ಮೊನ್ನೆ ಅಮೆರಿಕದವರ ವಿಡಿಯೋ ನೋಡಿದೆ. ಅವರು ಹಳೇ ಪ್ರೆಸ್ಸುಗಳ ಲೈನೋಟೈಪ್ (ಇಡೀ ಸಾಲು ಎರಕ ಹೊಯ್ಯುವ ಮಶೀನು) ಲೋಹವನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅದನ್ನು ಎರಕ ಹೊಯ್ದು ಗುಂಡು ಮಾಡಿ, ಖಾಲಿ ತೋಟಾಕ್ಕೆ ಮತ್ತೆ ತುಂಬುತ್ತಾರೆ. ನಮ್ಮ ಮನೆಯಲ್ಲಿ ಅದೇ ಲೋಹ ಸುಮ್ನೆ ಬಿದ್ದಿದೆ. ನಮ್ಮಲ್ಲೂ ಹಾಗೆ ಮಾಡಬಹುದಾ? ತಿಳಿದವರು ಹೇಳಿ.

ವಕೀಲ_ಸಾಧನಕೇರಿ
ಮಾಡಬೇಡಿ. ಮೊದಲು ಇದನ್ನು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ರೈಫಲ್ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಪೂರ್ತಿ ತಯಾರಾದ ತೋಟಾ ಮಾತ್ರ ಅಲ್ಲ. ಅದರ ಬಿಡಿಭಾಗಗಳೂ ಸೇರುತ್ತವೆ, ಅದನ್ನು ತಯಾರಿಸುವ ಯಂತ್ರವೂ ಸೇರುತ್ತದೆ. ಅಂದರೆ ಗುಂಡಿನ ಅಚ್ಚು, ತೋಟಾ ತುಂಬುವ ಕೈಮಶೀನು ಮನೆಯಲ್ಲಿ ಸಿಕ್ಕರೂ ಉತ್ತರ ಹೇಳುವುದು ಕಷ್ಟ.

2019ರ ತಿದ್ದುಪಡಿ ಆದ ಮೇಲೆ ಪರವಾನಗಿ ಇಲ್ಲದೆ ತಯಾರಿಸಿದರೆ ಕಡಿಮೆ ಅಂದರೆ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಇದು ದಂಡ ಕಟ್ಟಿ ಬರುವ ಕೇಸಲ್ಲ.

ಬೆಟಗೇರಿ_ಪ್ರೆಸ್
ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ ಸರ್. ಮಾರೋದಿಕ್ಕಲ್ಲ, ಸ್ವಂತಕ್ಕೆ ಅಂದರೂ ಹೀಗೇನಾ?

ವಕೀಲ_ಸಾಧನಕೇರಿ
ಸ್ವಂತಕ್ಕೆ ಅಂದರೂ ಹೀಗೇ. ಇನ್ನೊಂದು ಮಾತು. ಲೈಸೆನ್ಸ್ ಇರುವುದು ನಿಮ್ಮ ತಂದೆಯವರ ಹೆಸರಲ್ಲಿ. ಅವರಿಲ್ಲದಾಗ ನೀವು ಆ ರೈಫಲ್ ಹಿಡಿದು ಹೊಲಕ್ಕೆ ಹೋಗುವುದೂ ತಪ್ಪು. ನಿಮ್ಮ ಹೆಸರಿಗೆ ಬರಬೇಕಾದರೆ 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ಆದರೆ ಅಥವಾ ಆಯುಧ ಇಟ್ಟುಕೊಂಡು 25 ವರ್ಷ ಆದರೆ ವಾರಸುದಾರರು ಅರ್ಜಿ ಹಾಕಬಹುದು. ಗದಗದಲ್ಲಿ ಡಿಸಿ ಆಫೀಸಿಗೆ ಹೋಗಿ. ಹುಬ್ಬಳ್ಳಿ-ಧಾರವಾಡದವರಾದರೆ ಪೊಲೀಸ್ ಕಮಿಷನರ್ ಆಫೀಸು.

ಬ್ಯಾಡಗಿ_ರೈತ
ವಕೀಲರೇ, ಕಾನೂನು ಎಲ್ಲ ಸರಿ. ಗೋವಿನಜೋಳದ ಹೊಲಕ್ಕೆ ರಾತ್ರಿ ಹಂದಿ ನುಗ್ಗಿದರೆ ನಾವು ಯಾವ ಕಲಂ ಓದಬೇಕು? ಹಾವೇರಿ ಜಿಲ್ಲೆಯಲ್ಲಿ ಒಂದು ಕಡೆ ಹಂದಿ, ಒಂದು ಕಡೆ ಕೃಷ್ಣಮೃಗ. ರಾಣೆಬೆನ್ನೂರು ಸುತ್ತ ಹೋಗಿ ನೋಡಿ. ಮೊಳಕೆ ಬಂದಾಗಿನಿಂದ ಕಾಯಬೇಕು. ಬೆಳೆ ಕಾಯುವವನಿಗೆ ತೋಟಾ ಸುಲಭಕ್ಕೆ ಸಿಗದಂತೆ ಮಾಡಿ, ತಾನೇ ತುಂಬಿಕೊಂಡರೆ ಜೀವಾವಧಿ ಅನ್ನುವುದು ಯಾವ ನ್ಯಾಯ?

ವಕೀಲ_ಸಾಧನಕೇರಿ
ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ತೋಟಾ ಕೈಯಲ್ಲಿದ್ದ ಮಾತ್ರಕ್ಕೆ ಹೊಡೆಯಲು ಬರುವುದಿಲ್ಲ. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಕಾಡುಹಂದಿ 2022ರ ತಿದ್ದುಪಡಿ ಆದ ಮೇಲೆ 2ನೇ ಅನುಸೂಚಿಯಲ್ಲಿದೆ. 11ನೇ ಕಲಂ ಪ್ರಕಾರ ನಿಂತ ಬೆಳೆ ಹಾಳು ಮಾಡುವ 2ನೇ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಅಧಿಕಾರಿಯ ಲಿಖಿತ ಅನುಮತಿ ಬೇಕು. ಅನುಮತಿ ಇಲ್ಲದೆ ಹೊಡೆದರೆ ಎರಡು ಕಾಯ್ದೆಯಲ್ಲೂ ಸಿಕ್ಕಿಬೀಳುತ್ತೀರಿ.

ಬೆಳೆ ಕಾಯುವುದಕ್ಕೆ ಕಾನೂನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ರೈಫಲ್ ಅಲ್ಲ. ಆಯುಧ ಕಾಯ್ದೆಯ 13ನೇ ಕಲಂ ಓದಿ. ಕೇಪಿನ ಬಂದೂಕು, ಅಂದರೆ ಬಾಯಿಯಿಂದ ಮದ್ದು ತುಂಬುವಂಥದ್ದು, ಬೆಳೆ ರಕ್ಷಣೆಗೆ ಅಂತಲೇ ಹೆಸರಿಸಿದ್ದಾರೆ.

ಧಾರವಾಡ_ಟು_ಟೆಕ್ಸಾಸ್
ಧಾರವಾಡದ ಮಾಳಮಡ್ಡಿಯವನು, ಈಗ ಟೆಕ್ಸಾಸಿನಲ್ಲಿದ್ದೇನೆ. ಇಲ್ಲಿ ಇದು ನನ್ನ ಹವ್ಯಾಸ. ಇಲ್ಲಿನ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಲೈಸೆನ್ಸ್ ಬೇಡ, ವ್ಯಾಪಾರಕ್ಕೆ ಮಾತ್ರ ಬೇಕು. ಅದಕ್ಕೇ ವಿಡಿಯೋಗಳು ಅಷ್ಟು ಬರುತ್ತವೆ. ಊರಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಲೋಹದ ವಿಷಯ ಕೇಳಿದ್ದೀರಿ, ಅದು ಬಹಳ ಚೆಂದದ ವಿಷಯ, ಅದನ್ನು ಹೇಳುತ್ತೇನೆ.

ಬರೀ ಸೀಸ ಬಹಳ ಮೆತ್ತಗೆ. ಗಡಸುತನ ಅಳೆಯುವ ಬ್ರಿನೆಲ್ ಲೆಕ್ಕದಲ್ಲಿ ಸುಮಾರು 5. ಲೈನೋಟೈಪ್ ಲೋಹ ಸುಮಾರು 22. ಅದರಲ್ಲಿ 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಗಡಸುತನ ಕೊಡುವುದು ಆಂಟಿಮನಿ. ಅಚ್ಚಿನ ಮೂಲೆಮೂಲೆಗೂ ಲೋಹ ಹರಿಯುವಂತೆ ಮಾಡುವುದು ತವರ. ಆಂಟಿಮನಿ ಇದ್ದರೆ ಆರುವಾಗ ಕುಗ್ಗುವುದೂ ಕಡಿಮೆ. ಅಕ್ಷರದ ಅಂಚು ಚೂಪಾಗಿ ಬರಬೇಕಲ್ವಾ, ಅದಕ್ಕೇ ಪ್ರೆಸ್ಸಿನವರು ಈ ಬೆರಕೆ ಮಾಡಿದ್ದು. ಗುಂಡು ಮಾಡುವವರು ಆಮೇಲೆ ಅದನ್ನು ಎರವಲು ಪಡೆದರು.

ಇಲ್ಲಿ ಹೊಸಬರು ಹೆಚ್ಚಾಗಿ ನಂಬುವುದು ಏನೆಂದರೆ, ಗುಂಡು ಎಷ್ಟು ಗಡಸೋ ಅಷ್ಟು ಒಳ್ಳೆಯದು ಅಂತ. ಹಾಗಲ್ಲ. ಮೊದಲು ನೋಡಬೇಕಾದ್ದು ಅಳತೆ. ಗುಂಡು ನಳಿಗೆಯ ಒಳಗಿನ ಗೆರೆಗಳಿಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು. ಸಡಿಲ ಇದ್ದರೆ ಹಿಂದಿನ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ಆ ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಗುರಿ ಎಲ್ಲೋ, ಏಟು ಎಲ್ಲೋ. ಅದಕ್ಕೇ ಸೀಸದ ಗುಂಡಿಗೆ ಗೀರು ಕೊಟ್ಟು ಜೇನುಮೇಣ ಸೇರಿದ ಜಿಡ್ಡು ತುಂಬುತ್ತಾರೆ. ವೇಗ ಜಾಸ್ತಿ ಬೇಕಾದರೆ ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲು ತೊಡಿಸುತ್ತಾರೆ.

ನಿಮ್ಮ ಪಾಯಿಂಟ್ 315 ಹುಟ್ಟಿದ್ದು ಆಸ್ಟ್ರಿಯಾದ 8×50 ಮ್ಯಾನ್ಲಿಷರ್ ತೋಟಾದಿಂದ. ಅದಕ್ಕೆ ಕಾರ್ಖಾನೆಯಲ್ಲಿ ಬರುವುದು ತಾಮ್ರದ ಕವಚ ಇರುವ ಗುಂಡು. ಆ ವೇಗಕ್ಕೆ ಬರೀ ಎರಕದ ಸೀಸ ತಡೆಯುವುದಿಲ್ಲ.

ತಾರಿಹಾಳ_ಫೌಂಡ್ರಿ
ಅಣ್ಣ ಬರೆದದ್ದು ಸರಿ ಇದೆ. ಒಂದು ಸೇರಿಸುತ್ತೇನೆ. ಕೈಯಿಂದ ಜೋಡಿಸುವ ಬಿಡಿ ಮೊಳೆಯ ಬೆರಕೆ ಬೇರೆ, ಲೈನೋಟೈಪ್ ಬೇರೆ. ಬಿಡಿ ಮೊಳೆಯಲ್ಲಿ ಆಂಟಿಮನಿ, ತವರ ಇನ್ನೂ ಜಾಸ್ತಿ. ಯಾಕೆಂದರೆ ಅದೇ ಮೊಳೆಯನ್ನು ಮತ್ತೆ ಮತ್ತೆ ಒತ್ತಬೇಕು, ಮುಖ ಸವೆಯಬಾರದು. ಲೈನೋದಲ್ಲಿ ಸಾಲು ಎರಕ ಹೊಯ್ದು, ಛಾಪಿಸಿ, ಮತ್ತೆ ಕರಗಿಸುತ್ತಿದ್ದರು. ಹಾಗಾಗಿ ಬೆಟಗೇರಿಯವರ ಹತ್ತಿರ ಇರುವುದು ವಿಡಿಯೋದ ಲೋಹವೇ ಅಲ್ಲ. ಬಿಡಿ ಮೊಳೆಯ ಲೋಹ ಪೆಡಸು. ಸುತ್ತಿಗೆಯಿಂದ ಹೊಡೆದರೆ ಬಾಗುವುದಿಲ್ಲ, ಮುರಿಯುತ್ತದೆ.

ಸೀಸ 327 ಡಿಗ್ರಿಗೆ ಕರಗುತ್ತದೆ. ಗ್ಯಾಸ್ ಒಲೆ ಮೇಲೆ ಆರಾಮಾಗಿ ಕರಗುತ್ತಲ್ಲ ಅಂತ ಜನ ಹಗುರವಾಗಿ ತಗೊಳ್ಳುತ್ತಾರೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಸಿಕ್ಕರೆ ಸಾಕು. ನೀರು ಒಮ್ಮೆಗೇ ಆವಿಯಾಗಿ ಲೋಹವನ್ನು ಮೇಲಕ್ಕೆ ಎಸೆಯುತ್ತದೆ. ನಮ್ಮ ಶೆಡ್ಡಿನಲ್ಲಿ ಹಸಿ ಸೌಟು ಇಳಿಸಿದ ಹುಡುಗನ ಮುಖ, ಕುತ್ತಿಗೆ ಸುಟ್ಟಿತ್ತು. ಕಣ್ಣು ಉಳಿದದ್ದು ಕನ್ನಡಕದಿಂದ. ಮೊಳೆಯ ಚೀಲ ಹಿತ್ತಲಲ್ಲಿದೆ ಅಂದಿರಿ, ಮಳೆಗಾಲದ ತೇವ ಒಳಗೆ ಕೂತಿರುತ್ತದೆ.

ಲಕ್ಷ್ಮೇಶ್ವರ_ಬ್ಯಾಟರಿ
ನಮ್ಮ ಕಡೆ ಮೀನು ಹಿಡಿಯುವ ಬಲೆಗೆ ಸೀಸದ ಬಿಲ್ಲೆ ಮಾಡಲು ಹಳೇ ಬ್ಯಾಟರಿ ಪ್ಲೇಟು ಕರಗಿಸುತ್ತಾರೆ. ಏನೂ ಆಗಿಲ್ಲ ಇವತ್ತಿನವರೆಗೂ.

ತಾರಿಹಾಳ_ಫೌಂಡ್ರಿ
ದಯವಿಟ್ಟು ನಿಲ್ಲಿಸಲು ಹೇಳಿ. ಬ್ಯಾಟರಿ ಪ್ಲೇಟಿನಲ್ಲಿ ಆರ್ಸೆನಿಕ್, ಆಂಟಿಮನಿ, ಕ್ಯಾಲ್ಸಿಯಂ ಇರುತ್ತವೆ, ಆಮ್ಲವೂ ಅಂಟಿರುತ್ತದೆ. ಕರಗಿಸಿದ ಮೇಲೆ ಉಳಿಯುವ ಬೂದಿಗೆ ನೀರು ತಗುಲಿದರೆ ವಿಷಾನಿಲ ಏಳುತ್ತದೆ. ಹಳೇ ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಇರುವುದೇ ಅದಕ್ಕೆ.

ಡಾಕ್ಟರ್_ವಿದ್ಯಾನಗರ
"ಏನೂ ಆಗಿಲ್ಲ" ಅನ್ನುವ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು. ಸೀಸದ ವಿಷ ಸುಟ್ಟ ಗಾಯದ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆ ಹಿಡಿದುಕೊಳ್ಳುವುದು, ಮಲಬದ್ಧತೆ, ರಕ್ತ ಕಡಿಮೆಯಾಗುವುದು, ಸುಸ್ತು, ಸಿಡುಕು. ಇವನ್ನು ಯಾರೂ ಸೀಸಕ್ಕೆ ಹೊಂದಿಸಿ ನೋಡುವುದಿಲ್ಲ. ಮೂಳೆಯಲ್ಲಿ ಸೇರಿಕೊಂಡರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ದೊಡ್ಡವರಿಗಿಂತ ಮಕ್ಕಳ ಚಿಂತೆ ನನಗೆ ಜಾಸ್ತಿ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ 4-5 ಪಟ್ಟು ಹೆಚ್ಚು ಮಕ್ಕಳ ದೇಹ ಹೀರಿಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೆದುಳಿನ ಬೆಳವಣಿಗೆಗೆ ಏಟು ಬೀಳುತ್ತದೆ. ಇಷ್ಟರವರೆಗೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ. ಊಟದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಲ್ಲಿ ಇನ್ನೂ ಜಾಸ್ತಿ ಸೇರುತ್ತದೆ. ನಮ್ಮ ಕಡೆ ರಕ್ತಹೀನತೆ ಇರುವ ಮಕ್ಕಳು ಎಷ್ಟು ಅಂತ ನಿಮಗೇ ಗೊತ್ತು.

ಕರಗಿಸುವಾಗ ಮೇಲೆ ಕಟ್ಟುವ ಕೆನೆಪದರ ಒಣಗಿ ಪುಡಿಯಾಗುತ್ತದೆ. ಅದು ಬಟ್ಟೆಗೆ, ಚಪ್ಪಲಿಗೆ, ಕೈಗೆ ಅಂಟಿ ಅಡುಗೆಮನೆಗೆ ಬರುತ್ತದೆ. ಹೊಗೆಗಿಂತ ಈ ಪುಡಿಯದೇ ದೊಡ್ಡ ಕಾಟ. ಬೆಟಗೇರಿಯವರೇ, ಆ ಚೀಲ ಇರುವ ಕೋಣೆಯಲ್ಲಿ ಮಕ್ಕಳು ಆಡುತ್ತಾರಾ?

ಬೆಟಗೇರಿ_ಪ್ರೆಸ್
ಅಕ್ಕನ ಮಕ್ಕಳು ಬಂದಾಗ ಮೊಳೆ ಆರಿಸಿ ತಮ್ಮ ಹೆಸರು ಜೋಡಿಸುತ್ತಾರೆ. ಕೋಣೆಗೆ ಇವತ್ತೇ ಬೀಗ ಹಾಕುತ್ತೇನೆ ಡಾಕ್ಟ್ರೇ.

ಡಾಕ್ಟರ್_ವಿದ್ಯಾನಗರ
ಗಾಬರಿ ಬೇಡ. ಗಟ್ಟಿ ಮೊಳೆ ಮುಟ್ಟಿದರೆ ಚರ್ಮದಿಂದ ಹೆಚ್ಚು ಒಳಗೆ ಹೋಗುವುದಿಲ್ಲ. ಕೈ ತೊಳೆಯದೆ ತಿಂದರೆ ತೊಂದರೆ. ಬಿಳಿ ಪುಡಿ ಕಟ್ಟಿದ ಮೊಳೆ ಇದ್ದರೆ ಅದನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಮಕ್ಕಳಿಗೆ ರಕ್ತದ ಸೀಸ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹಳೇ_ಕಂಪಾಜಿಟರ್
ನಾನು ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುತ್ತಿದ್ದವನು. ನಮಗೆ ಆಗ ದಿನಾ ಬೆಲ್ಲ ಕೊಡುತ್ತಿದ್ದರು, ಸೀಸ ಹತ್ತಬಾರದು ಅಂತ. ಅದರಿಂದ ಉಪಯೋಗ ಇತ್ತಾ ಡಾಕ್ಟ್ರೇ?

ಡಾಕ್ಟರ್_ವಿದ್ಯಾನಗರ
ಬೆಲ್ಲ ಸೀಸವನ್ನು ತಡೆಯುವುದಿಲ್ಲ ಕಾಕಾ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಸಿದ್ದರೆ ಬೆಲ್ಲಕ್ಕಿಂತ ಹತ್ತು ಪಟ್ಟು ಉಪಯೋಗ ಆಗುತ್ತಿತ್ತು.

ಮುಂಡರಗಿ_ಮೇಷ್ಟ್ರು
ಟೆಕ್ಸಾಸಿನ ತಮ್ಮ ಜೇನುಮೇಣದ ಮಾತು ತೆಗೆದದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. 1857ರ ಕೊಬ್ಬಿನ ತೋಟಾದ ಕಥೆ ಎಲ್ಲರಿಗೂ ಗೊತ್ತು. ಆದರೆ ತೋಟಾಕ್ಕೆ ಕೊಬ್ಬು ಯಾಕೆ ಹಚ್ಚಿದರು ಅಂತ ಕ್ಲಾಸಿನಲ್ಲಿ ಯಾರೂ ಕೇಳುವುದಿಲ್ಲ.

ಆಗ ಸಿಪಾಯಿಗಳಿಗೆ ಕೊಟ್ಟ ಎನ್‌ಫೀಲ್ಡ್ ರೈಫಲ್ 1853ರ ಮಾದರಿ. ನಳಿಗೆಯ ವ್ಯಾಸ ಪಾಯಿಂಟ್ 577 ಇಂಚು. ಒಳಗೆ ಸುರುಳಿ ಗೆರೆ. ಗುಂಡು ಮೆತ್ತನೆ ಸೀಸದ್ದು. ಬಾಯಿಯಿಂದ ಇಳಿಸಬೇಕು, ಹಾಗಾಗಿ ಸ್ವಲ್ಪ ಸಣ್ಣದಿರಬೇಕು. ಮದ್ದು ಹೊತ್ತಿದಾಗ ಅದರ ಬುಡ ಅರಳಿ ಗೆರೆ ಹಿಡಿಯಬೇಕು. ಮೆತ್ತನೆ ಸೀಸ ಬೇಕೇಬೇಕು, ಗಡಸಾದರೆ ಅರಳುವುದಿಲ್ಲ. ಗುಂಡು ಸುತ್ತಿದ ಕಾಗದಕ್ಕೆ ಜಿಡ್ಡು ಹಚ್ಚದಿದ್ದರೆ ನಳಿಗೆ ಕಟ್ಟಿಕೊಂಡು ಎರಡನೆಯ ಗುಂಡು ಇಳಿಯುವುದೇ ಕಷ್ಟ. ಮದ್ದು ಸುರಿಯಲು ಕಾಗದದ ತುದಿ ಹಲ್ಲಲ್ಲಿ ಕಚ್ಚಬೇಕಿತ್ತು. ಆ ಜಿಡ್ಡು ಯಾವ ಪ್ರಾಣಿಯದು ಅನ್ನುವ ಸಂಶಯ ಹುಟ್ಟಿದ್ದು ಅಲ್ಲಿ.

ಅದೇ ವರ್ಷ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಅಂತ ಎದ್ದು ನಿಂತರು. 1858ರಲ್ಲಿ ನಮ್ಮ ಗದಗ ಸೀಮೆ ಎದ್ದಿತು. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಸತ್ತ. ಭೀಮರಾಯ ಕೊಪ್ಪಳ ಕೋಟೆಯಲ್ಲಿ ಹೋರಾಡುತ್ತ ಮಡಿದರು. ಬಾಬಾಸಾಹೇಬರನ್ನು ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಬಂದೂಕಿನ ಕಾನೂನು ಅಂದರೆ ನಮ್ಮ ಜನಕ್ಕೆ ಇವತ್ತಿಗೂ ಸಿಟ್ಟು ಬರುವುದಕ್ಕೆ ಈ ನೆನಪೂ ಕಾರಣ. ಬ್ಯಾಡಗಿಯವರ ಮಾತನ್ನು ನಾನು ಅಲ್ಲಿಂದ ಅರ್ಥ ಮಾಡಿಕೊಳ್ಳುತ್ತೇನೆ.

ವಕೀಲ_ಸಾಧನಕೇರಿ
ಗೌರವದಿಂದಲೇ ಒಪ್ಪುವುದಿಲ್ಲ ಮೇಷ್ಟ್ರೇ. 1878ರ ಆಯುಧ ಕಾಯ್ದೆ ಆಳುವವರು ನಮ್ಮನ್ನು ಹತ್ತಿಕ್ಕಲು ತಂದದ್ದು, ನಿಜ. 1959ರದ್ದು ನಮ್ಮ ಸಂಸತ್ತು ಮಾಡಿದ್ದು. ನಾಡಬಂದೂಕು, ನಾಡಗುಂಡು ಊರಲ್ಲಿ ಹರಿದಾಡಿದರೆ ಸಾಯುವವರು ನಮ್ಮವರೇ. ಮನೆಮನೆಯಲ್ಲಿ ತೋಟಾ ತುಂಬಿದರೆ ಲೆಕ್ಕ ಇಡುವವರು ಯಾರು? ಈಗ ಡೀಲರ್ ಕೊಟ್ಟ ಪ್ರತಿ ತೋಟಾ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುತ್ತದೆ.

ಬ್ಯಾಡಗಿ_ರೈತ
ಲೆಕ್ಕ ನಾವು ಕೊಡುವುದಿಲ್ಲ ಅಂದೆವಾ? ಚುನಾವಣೆ ಬಂದಾಗಲೆಲ್ಲ ಬಂದೂಕು ಠಾಣೆಗೆ ಒಪ್ಪಿಸಿ ಅನ್ನುತ್ತಾರೆ, ಒಪ್ಪಿಸುತ್ತೇವೆ. ಮತ್ತೆ ಕೈಗೆ ಬರುವಷ್ಟರಲ್ಲಿ ತೆನೆ ಹೋಗಿರುತ್ತದೆ. ಹಂದಿಗೆ ನೀತಿ ಸಂಹಿತೆ ಇಲ್ಲ.

ಪಾಯಿಂಟ್_ಟೂಟೂ
ನಾನು ಎನ್‌ಸಿಸಿಯಿಂದ ಶೂಟಿಂಗಿಗೆ ಬಂದವಳು. ಒಂದು ವಿಷಯ ಯಾರೂ ಹೇಳಲಿಲ್ಲ. ಸೀಸದ ಗುಂಡು ಅಂದರೆ ಹಳೇ ಕಾಲದ್ದು ಅಂದುಕೊಳ್ಳಬೇಡಿ. ನಾವು ಹೊಡೆಯುವ ಪಾಯಿಂಟ್ 22ರ ಗುಂಡು ಇವತ್ತಿಗೂ ಕವಚ ಇಲ್ಲದ ಸೀಸವೇ, ಮೇಲೆ ತೆಳ್ಳಗೆ ಮೇಣ ಸವರಿರುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರಿನಲ್ಲಿ ಕಂಚು ಗೆದ್ದದ್ದು ಅಂಥ ಗುಂಡಿನಲ್ಲೇ. 10 ಮೀಟರ್ ಏರ್ ರೈಫಲ್ಲಿನ ಪೆಲೆಟ್ಟೂ ಸೀಸವೇ. ವೇಗ ಕಡಿಮೆ ಇರುವಲ್ಲಿ ಸೀಸದಷ್ಟು ಒಳ್ಳೆಯದು ಇನ್ನೊಂದಿಲ್ಲ.

ಬೆಟಗೇರಿಯವರಿಗೆ ಗುರಿ ಹೊಡೆಯುವ ಖುಷಿ ಬೇಕಿದ್ದರೆ ದಾರಿ ಇದೆ. ಪಾಯಿಂಟ್ 177 ಏರ್ ರೈಫಲ್, ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಪೆಲೆಟ್ಟು ಡಬ್ಬಿಯಲ್ಲಿ ಬರುತ್ತದೆ, ಏನೂ ಕರಗಿಸಬೇಕಿಲ್ಲ. ಆದರೆ ಹಕ್ಕಿಗೆ ಹೊಡೆಯಬೇಡಿ, ಅದು ಬೇರೆ ಅಪರಾಧ. ಹೊಡೆದ ಮೇಲೆ ಕೈ ತೊಳೆಯಿರಿ. ನಾವು ರೇಂಜಿನಲ್ಲಿ ಪೊರಕೆ ಹಿಡಿಯುವುದಿಲ್ಲ, ಧೂಳು ಏಳುತ್ತದೆ ಅಂತ ಒದ್ದೆ ಬಟ್ಟೆಯಲ್ಲೇ ಒರೆಸುತ್ತೇವೆ.

ಕುಂದಗೋಳ_ಹುಡುಗ
ಪಾಯಿಂಟ್ 22ರ ಖಾಲಿ ಕೊಳವೆ ಮತ್ತೆ ತುಂಬಬಹುದಾ ಅಕ್ಕಾ?

ಪಾಯಿಂಟ್_ಟೂಟೂ
ಆಗುವುದಿಲ್ಲ. ಅದರಲ್ಲಿ ಕಿಡಿ ಹೊತ್ತುವ ಮಸಾಲೆ ಬುಡದ ಅಂಚಿನ ಒಳಗೇ ಇರುತ್ತದೆ. ಸೂಜಿ ಬಡಿದು ಅಂಚು ಜಜ್ಜಿ ಹೋಯಿತು ಅಂದರೆ ಕೊಳವೆ ಮುಗಿಯಿತು. ರೇಂಜಿನಲ್ಲಿ ಎಣಿಸಿ ವಾಪಸ್ ಕೊಡುತ್ತೇವೆ.

ಮಾಗಡಿ_ಕೆರೆ
ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಸೀಸದ ಮಾತು ಬಂದಾಗ ಹಕ್ಕಿಗಳ ಮಾತು ಬರಲೇಬೇಕು.

ನೀರಹಕ್ಕಿಗಳಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಸೀಸದ ಚರೆಯನ್ನೂ (ಬಂದೂಕಿನ ಸಣ್ಣ ಗುಂಡು) ಕಲ್ಲು ಅಂತಲೇ ನುಂಗುತ್ತವೆ. ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಸೇರುತ್ತದೆ. ಅಮೆರಿಕದಲ್ಲಿ ನೀರಹಕ್ಕಿ ಬೇಟೆಗೆ ಸೀಸದ ಚರೆಯನ್ನು 1991ರಲ್ಲಿ ದೇಶಪೂರ್ತಿ ನಿಲ್ಲಿಸಿದರು. ಯುರೋಪಿನಲ್ಲಿ 2023ರ ಫೆಬ್ರುವರಿಯಿಂದ ಜೌಗು ಪ್ರದೇಶಗಳಲ್ಲಿ ನಿಷೇಧ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸೀಸದ ಗುಂಡು ಬಿದ್ದ ಪ್ರಾಣಿಯ ಮಾಂಸ ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವು. ಅಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸ ಪೂರ್ತಿ ಬಂದ್.

ಬಂಕಾಪುರ ಕೋಟೆಯ ನವಿಲುಗಳನ್ನು ನೆನೆಸಿಕೊಳ್ಳಿ. ಅವೂ ನೆಲ ಕೆದರಿ ಕಲ್ಲು ನುಂಗುವ ಹಕ್ಕಿಗಳೇ. ಸುತ್ತಲಿನ ಹೊಲದಲ್ಲಿ ಚರೆ ಬಿದ್ದಿದ್ದರೆ ಅವುಗಳ ಹೊಟ್ಟೆಗೇ ಹೋಗುವುದು.

ಧಾರವಾಡ_ಟು_ಟೆಕ್ಸಾಸ್
ಇದು ನಿಜ ಅಕ್ಕಾ. ನಾನು ಗುರಿಹಲಗೆಗೆ ಮಾತ್ರ ಸೀಸ ಬಳಸುತ್ತೇನೆ, ಮಣ್ಣಿನ ದಿಬ್ಬದಿಂದ ಮತ್ತೆ ಆರಿಸುತ್ತೇವೆ. ಚರೆ ಮಾಡುವ ರೀತಿ ಕೇಳಿದ್ದೀರಾ? 1782ರಲ್ಲಿ ಬ್ರಿಸ್ಟಲ್ಲಿನ ವಿಲಿಯಂ ವಾಟ್ಸ್ ಎಂಬಾತ ಪೇಟೆಂಟ್ ಪಡೆದ. ಎತ್ತರದ ಗೋಪುರದಿಂದ ಕರಗಿದ ಸೀಸವನ್ನು ಜರಡಿಯಲ್ಲಿ ಸುರಿಯುವುದು. ಬೀಳುವಾಗಲೇ ಹನಿ ದುಂಡಗಾಗಿ, ಕೆಳಗಿನ ನೀರಿನಲ್ಲಿ ಆರುತ್ತದೆ. ದುಂಡಗೆ ಬರಲಿ ಅಂತ ಚೂರು ಆರ್ಸೆನಿಕ್ ಸೇರಿಸುತ್ತಿದ್ದರು.

ಲಕ್ಷ್ಮೇಶ್ವರ_ಬ್ಯಾಟರಿ
ನೀರು ತಗುಲಿದರೆ ಸಿಡಿಯುತ್ತದೆ ಅಂದರಲ್ಲ, ಇಲ್ಲಿ ನೀರಿಗೇ ಹಾಕುತ್ತಾರಾ?

ತಾರಿಹಾಳ_ಫೌಂಡ್ರಿ
ಒಳ್ಳೆ ಪ್ರಶ್ನೆ. ಸೀಸದ ಹನಿ ನೀರಿನ ಮೇಲೆ ಬಿದ್ದರೆ ಆವಿಗೆ ಹೊರಹೋಗಲು ಜಾಗ ಇದೆ. ನೀರು ಸೀಸದ ಅಡಿಯಲ್ಲಿ ಸಿಕ್ಕಿಕೊಂಡರೆ ಜಾಗ ಇಲ್ಲ, ಅದಕ್ಕೇ ಸಿಡಿಯುತ್ತದೆ.

ಅಕ್ಷರ_ವಿನ್ಯಾಸ
ಇಷ್ಟು ಹೊತ್ತು ಎಲ್ಲರೂ ಗುಂಡಿನ ಬಗ್ಗೆ ಮಾತಾಡಿದಿರಿ. ನನಗೆ ಎದೆ ಹೊಡೆದುಕೊಳ್ಳುತ್ತಿರುವುದು ಮೊಳೆಯ ಬಗ್ಗೆ. ಬೆಟಗೇರಿಯವರೇ, ಗದಗವನ್ನು ಮುದ್ರಣ ಕಾಶಿ ಅನ್ನುತ್ತಾರೆ. ಆ ಕಾಶಿಯಲ್ಲಿ ಈಗ ಕನ್ನಡದ ಬಿಡಿ ಮೊಳೆ ಎಷ್ಟು ಮನೆಯಲ್ಲಿ ಉಳಿದಿದೆ? ಆಫ್‌ಸೆಟ್ ಬಂದ ಮೇಲೆ ಎಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು.

ಇಂಗ್ಲಿಷಿನ ಮೊಳೆ ಎರಡು ಕೇಸಿನಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಖಾನೆ ಬೇಕು. ಒಂದು ಪೂರ್ತಿ ಸೆಟ್ಟು ಸಿಗುವುದು ದುರ್ಲಭ. ಒಮ್ಮೆ ಕರಗಿಸಿದರೆ ಆ ಅಕ್ಷರದ ರೂಪ ಮತ್ತೆ ಬರುವುದಿಲ್ಲ, ಅದರ ಮೂಲ ಅಚ್ಚು ಎಲ್ಲೂ ಉಳಿದಿರುವುದಿಲ್ಲ. ಗುಂಡಿಗೂ ಬೇಡ, ಗುಜರಿಗೂ ಬೇಡ. ದಯವಿಟ್ಟು ಕರಗಿಸಬೇಡಿ.

ಹಳೇ_ಕಂಪಾಜಿಟರ್
ತಂಗಿ ಸರಿಯಾಗಿ ಹೇಳಿದರು. ಬೆಟಗೇರಿಯವರೇ, ಕೇಸಿನಲ್ಲಿ ಇರುವುದು ಯಾವ ಅಳತೆ? ಪೈಕಾನಾ? ಮೊಳೆಯ ಪಕ್ಕದಲ್ಲಿ ಒಂದು ಸಣ್ಣ ಗಾಡಿ, ಅಂದರೆ ಗೀರಿನಂಥ ತಗ್ಗು ಇರುತ್ತದೆ, ನೋಡಿ. ಅದು ಒಂದೇ ಮಟ್ಟದಲ್ಲಿ ಇದ್ದರೆ ಎಲ್ಲ ಒಂದೇ ಫೌಂಡ್ರಿಯ ಒಂದೇ ಸೆಟ್ಟು. ಚೀಲದಲ್ಲಿ ಇರುವುದು ಸವೆದ ಮೊಳೆ ಇರಬೇಕು. ಸವೆದದ್ದನ್ನು ನಾವು ಹೆಲ್‌ಬಾಕ್ಸ್ ಅನ್ನುವ ಡಬ್ಬಿಗೆ ಹಾಕುತ್ತಿದ್ದೆವು.

ಬೆಟಗೇರಿ_ಪ್ರೆಸ್
ಈಗ ಟಾರ್ಚ್ ಹಿಡಿದು ನೋಡಿ ಬಂದೆ ಕಾಕಾ. ಕೇಸಿನವು ಹೆಚ್ಚಿನವು ಪೈಕಾ, ಗಾಡಿ ಒಂದೇ ಮಟ್ಟ. ದಪ್ಪ ಅಕ್ಷರದ್ದು ಒಂದು ಕೇಸು ಬೇರೆ ಇದೆ, ಲಗ್ನಪತ್ರಿಕೆಗೆ ಬಳಸುತ್ತಿದ್ದರಂತೆ. ಚೀಲದಲ್ಲಿ ಮುಖ ಮುರಿದವೇ ಜಾಸ್ತಿ. ಕರಗಿಸುವ ವಿಚಾರ ಬಿಟ್ಟಿದ್ದೇನೆ. ಅಪ್ಪನಿಗೂ ಓದಿ ಹೇಳಿದೆ. ಕೇಸುಗಳನ್ನು ಮನೆಯಲ್ಲೇ ಇಡೋಣ ಅಂದರು.

ವಕೀಲರೇ, ಡಬ್ಬಿಯಲ್ಲಿರುವ ಖಾಲಿ ಹಿತ್ತಾಳೆ ಕೊಳವೆ ಏನು ಮಾಡಲಿ?

ವಕೀಲ_ಸಾಧನಕೇರಿ
ಗುಜರಿಗೆ ಹಾಕಬೇಡಿ, ಯಾರಿಗೂ ಕೊಡಲೂಬೇಡಿ. ಲೈಸೆನ್ಸ್ ತೋರಿಸಿ ತೋಟಾ ಕೊಳ್ಳುವ ಡೀಲರ್ ಹತ್ತಿರವೇ ತಂದೆಯವರು ಹೋಗಿ ಕೇಳಲಿ. ಹಳೇ ರಸೀದಿ ಇದ್ದರೆ ಜೊತೆಗಿಟ್ಟುಕೊಳ್ಳಲಿ.

ಅಕ್ಷರ_ವಿನ್ಯಾಸ
ದಪ್ಪ ಅಕ್ಷರದ ಕೇಸಿನ ಛಾಪು ತೆಗೆಯಲು ನಾನು ಗದಗಕ್ಕೆ ಬರಲಾ? ಕಾಗದ, ಮಸಿ, ಕೈಗವಸು ಎಲ್ಲ ನಾನೇ ತರುತ್ತೇನೆ. ಒಂದೊಂದು ಅಕ್ಷರದ ಛಾಪು ಸಿಕ್ಕರೆ ಕಂಪ್ಯೂಟರ್ ಫಾಂಟ್ ಮಾಡಬಹುದು. ನಿಮಗೆ ಸಂದೇಶ ಕಳಿಸಿದ್ದೇನೆ.

ಹಳೇ_ಕಂಪಾಜಿಟರ್
ನಾನೂ ಬರುತ್ತೇನೆ. ಖಾನೆ ತಪ್ಪಿ ಬಿದ್ದ ಮೊಳೆಗಳನ್ನು ವಾಪಸ್ ಅದರದರ ಜಾಗಕ್ಕೆ ಹಾಕಿಕೊಡುತ್ತೇನೆ. ಈಗಿನವರಿಗೆ ಕೇಸಿನ ನಕ್ಷೆ ಗೊತ್ತಿರುವುದಿಲ್ಲ.

ಬ್ಯಾಡಗಿ_ರೈತ
ಮೊಳೆಗೆ ಗತಿ ಸಿಕ್ಕಿತು, ಸಂತೋಷ. ನಮ್ಮ ಹಂದಿಗೆ?

ಮಾಗಡಿ_ಕೆರೆ
ಅಣ್ಣಾ, ಬೆಳೆ ಹಾಳಾದ ಕೂಡಲೇ ಹತ್ತಿರದ ಅರಣ್ಯ ವಲಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ತಡ ಮಾಡಬೇಡಿ. ಹೊಲದ ಉತಾರ (ಪಹಣಿ), ಹಾಳಾದ ಬೆಳೆಯ ಫೋಟೋ, ಹೆಜ್ಜೆ ಗುರುತಿನ ಫೋಟೋ ಇರಲಿ. ಅಕ್ಕಪಕ್ಕದ ಹೊಲದವರೂ ಒಟ್ಟಿಗೆ ಕೊಟ್ಟರೆ ಸ್ಥಳಕ್ಕೆ ಬೇಗ ಬರುತ್ತಾರೆ. ಹೊಡೆಯಲು ಅನುಮತಿ ಕೇಳುವುದಿದ್ದರೂ ಆ ಅರ್ಜಿಗಳೇ ನಿಮ್ಮ ದಾಖಲೆ.

ಬ್ಯಾಡಗಿ_ರೈತ
ಉತಾರ ಅಣ್ಣನ ಹೆಸರಲ್ಲಿದೆ, ಉಳುವವನು ನಾನು. ನಡೆಯುತ್ತದಾ?

ವಕೀಲ_ಸಾಧನಕೇರಿ
ಅಣ್ಣನ ಸಹಿ ಹಾಕಿಸಿ ಅವರ ಹೆಸರಲ್ಲೇ ಅರ್ಜಿ ಕೊಡಿ, ಸುಲಭ ಆಗುತ್ತದೆ. ಅರ್ಜಿ ಕೊಟ್ಟ ಸ್ವೀಕೃತಿ ತಪ್ಪದೆ ಕೇಳಿ ಪಡೆಯಿರಿ.